ಗೊರಗೊರ

1990ರ ದಶಕದ ಕೊನೆ. ತುಮಕೂರಿನ ಮಂಡಿಪೇಟೆಯ ಸಗಟು ಅಂಗಡಿಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ನನ್ನದು. ಗೋಡೌನ್ ಇದ್ದದ್ದು ಕ್ಯಾತಸಂದ್ರದಲ್ಲಿ. ಅಲ್ಲಿನ ಸ್ಟಾಕ್ ಇಲ್ಲಿನ ಕಂಪ್ಯೂಟರಿನಲ್ಲೇ ಕಾಣಬೇಕು ಅಂತ ಯಜಮಾನರ ಆಸೆ.

ಮೊದಲು ಮಾಮೂಲಿ ಫೋನಿಗೇ ಮೋಡೆಮ್ ಹಾಕಿದೆವು. ಕಂಪ್ಯೂಟರಿನ ಮಾಹಿತಿಯನ್ನು ಸದ್ದು ಮಾಡಿ ಫೋನ್ ತಂತಿಯಲ್ಲಿ ಕಳಿಸುವ, ಬಂದ ಸದ್ದನ್ನು ಮತ್ತೆ ಮಾಹಿತಿ ಮಾಡುವ ಪೆಟ್ಟಿಗೆ ಅದು. ಇಲ್ಲಿಂದ ಡಯಲ್ ಮಾಡಿದರೆ ಅಲ್ಲಿನ ಮೋಡೆಮ್ ಎತ್ತಿಕೊಳ್ಳಬೇಕು. ಆದರೆ ವಾಚ್‌ಮನ್ ಅದಕ್ಕಿಂತ ಚುರುಕು. ಮೊದಲ ರಿಂಗಿಗೇ ಎತ್ತಿ "ಹಲೋ, ಯಾರು ಸ್ವಾಮಿ?" ಅನ್ನುತ್ತಿದ್ದ. ನಮ್ಮ ಮೋಡೆಮ್ ಕುಂಯ್ ಅಂದರೆ "ಜೋರಾಗಿ ಮಾತಾಡಿ!" ಎಂದು ಅದಕ್ಕೇ ಗದರುತ್ತಿದ್ದ.

ಕೊನೆಗೆ ಲೀಸ್ಡ್ ಲೈನ್ ಬಂತು, ಅಂದರೆ ಎರಡು ಜಾಗದ ನಡುವೆ ನಮಗೆಂದೇ ಬಾಡಿಗೆಗೆ ಪಡೆದ ಲೈನ್. ನಂಬರ್ ಇಲ್ಲ, ಡಯಲ್ ಟೋನ್ ಇಲ್ಲ. ಎರಡು ಜೋಡಿ ತಾಮ್ರದ ತಂತಿ, ಒಂದು ಹೇಳಲು, ಒಂದು ಕೇಳಲು. ಹಗಲೂ ರಾತ್ರಿ ನಮ್ಮದೇ. ವೇಗ 9.6 ಕೆಬಿಪಿಎಸ್. ಒಂದು ಎಂಬಿ ಫೈಲ್ ದಾಟಲು ಏನಿಲ್ಲ ಅಂದರೂ 14 ನಿಮಿಷ. ಅಷ್ಟರಲ್ಲಿ ಗೋಡೌನಿನ ಹುಡುಗ ತಟ್ಟೆ ಇಡ್ಲಿ ತಿಂದು, ಕೈ ತೊಳೆದು ಬರಬಹುದಿತ್ತು. ಬರುತ್ತಲೂ ಇದ್ದ.

ಒಂದು ಸೋಮವಾರ ನಮ್ಮ ಮೋಡೆಮಿನ ಸಿ.ಡಿ. (ಕ್ಯಾರಿಯರ್ ಡಿಟೆಕ್ಟ್) ದೀಪ ಆರಿತು. ಆ ಕಡೆಯ ಸಿಗ್ನಲ್ ಬರುತ್ತಿದ್ದರೆ ಮಾತ್ರ ಉರಿಯುವ ದೀಪ ಅದು. ಹುಡುಗನಿಗೆ ಫೋನ್ ಮಾಡಿದೆ.

"ನಿಮ್ಮ ಕಡೆ ದೀಪ ಉರೀತಿದ್ಯೇನಪ್ಪಾ?"

"ಕರೆಂಟ್ ಇದೆ ಸಾರ್, ಫ್ಯಾನೂ ತಿರುಗ್ತಿದೆ."

"ಮೋಡೆಮ್ದು ಕಣೋ!"

"ಓ, ಅದಾ? ಚೆನ್ನಾಗಿ ಉರೀತಿದೆ. ತೊಂದರೆ ನಿಮ್ಮ ಕಡೇನೇ ಸಾರ್."

ಸರಿ, ಮೂರು ದಿನ ನಮ್ಮ ಮೋಡೆಮನ್ನೇ ಬಿಚ್ಚಿದೆ, ಕಟ್ಟಿದೆ, ಊದಿದೆ. ಯಜಮಾನರು ಅದರ ಮೇಲೆ ನಿಂಬೆಹಣ್ಣು ಇಡಿಸಿದರು. ನನಗೆ ಹೊಳೆದದ್ದು ಆಮೇಲೆ. ನಾವು ಹೇಳಿದ್ದು ಅಲ್ಲಿಗೆ ಹೋಗುತ್ತಿದೆ, ಅಲ್ಲಿಯದು ಇಲ್ಲಿಗೆ ಬರುತ್ತಿಲ್ಲ. ಅಂದರೆ ಒಂದು ಜೋಡಿ ಮಾಯ!

ನಾಲ್ಕನೇ ದಿನ ಲೈನ್‌ಮನ್ ಬಂದು ಕಂಬದ ಡಬ್ಬಿ ತೆಗೆದ. ತಲೆ ಕೆರೆದುಕೊಂಡ. ಪಕ್ಕದ ಬೇಕರಿಗೆ ಹೊಸ ಫೋನ್ ಕೊಡಲು ಖಾಲಿ ಜೋಡಿ ಹುಡುಕಿದ್ದನಂತೆ. ಉಳಿದ ಎಲ್ಲದರಲ್ಲೂ ಟೋನ್ ಇತ್ತು, ಇದರಲ್ಲಿ ಇಲ್ಲ.

"ಕಿವಿಗಿಟ್ರೆ ಬರೀ ಗೊರಗೊರ ಸಾರ್. ಯಾರದ್ದೂ ಅಲ್ಲ, ಸುಮ್ನೆ ಬಿದ್ದಿದೆ ಅಂದ್ಕೊಂಡೆ."

"ಆ ಗೊರಗೊರಾನೇ ಕಣಣ್ಣಾ ನಮ್ಮ ಹುಣಸೆಹಣ್ಣಿನ ಲೆಕ್ಕ!"

ಜೋಡಿ ವಾಪಸ್ ಬಂತು. ಡಬ್ಬಿಯೊಳಗೆ ಅದಕ್ಕೊಂದು ರಟ್ಟಿನ ಚೀಟಿ ಕಟ್ಟಿದೆ: "ಜೀವ ಇದೆ, ಮುಟ್ಟಬೇಡಿ." ಬೇಕರಿಗೆ ಬೇರೆ ಜೋಡಿ ಸಿಗಲು ಒಂದು ವಾರ ಹಿಡಿಯಿತು. ಅಷ್ಟು ದಿನ ನಾನು ಬನ್ ತರಲು ಎರಡು ಬೀದಿ ಸುತ್ತಿ ಬೇರೆ ಅಂಗಡಿಗೆ ಹೋಗುತ್ತಿದ್ದೆ.