ನೂರ ಹದಿನೈದು ಜನ ಕಣ್ಣು ಮುಚ್ಚಿದರೆ

ಆ ನೋಟೀಸು ನಿಮ್ಮ ಮನೆಗೂ ಬಂದಿರುತ್ತದೆ. ಪೇಪರಿನೊಳಗೆ ಸೇರಿಸಿ ಹಾಕಿದ್ದು, ಒಂದು ಬದಿ ಕನ್ನಡ, ಇನ್ನೊಂದು ಬದಿ ಮಲಯಾಳ. ನಡುವೆ ತಾವರೆ, ತಾವರೆಯ ಮೇಲೆ ಭೂಗೋಳ, ಭೂಗೋಳದಿಂದ ಹಳದಿ ಕಿರಣ. ನಮ್ಮ ಕಾಸರಗೋಡಿನ ಬದಿಯಡ್ಕದ ಮದುವೆ ಹಾಲಿನಲ್ಲಿ ಮೂರು ದಿನದ ಧ್ಯಾನ ಶಿಬಿರ, ಊಟ ಉಂಟು. ಜನಸಂಖ್ಯೆಯ ಶೇಕಡಾ ಒಂದರಷ್ಟು ಮಂದಿ ಧ್ಯಾನ ಮಾಡಿದರೆ ಊರಿನ ಕಳ್ಳತನ, ಜಗಳ, ಅಪಘಾತ ಎಲ್ಲ ತನ್ನಷ್ಟಕ್ಕೆ ಇಳಿಯುತ್ತದಂತೆ. ಒಟ್ಟಿಗೆ ಕೂತು ಮೇಲಿನ ಹಂತದ ಧ್ಯಾನ ಮಾಡಿದರೆ ಅಷ್ಟೂ ಬೇಡ, ಅದರ ವರ್ಗಮೂಲ ಸಾಕು.

ವರ್ಗಮೂಲ ಅಂತ ಕಂಡದ್ದೇ ನನಗೆ ಭಕ್ತಿ ಉಕ್ಕಿತು. ಕೈ ಬೀಸಿ ಭಸ್ಮ ಉದುರಿಸುತ್ತಿದ್ದ ಹಳೆ ಕಾಲದ ಸ್ವಾಮಿಗಳು ಗಣಿತದ ತಂಟೆಗೆ ಬಂದದ್ದುಂಟೇ? ಲೆಕ್ಕ ಹಾಕಿದೆ. 2011ರ ಜನಗಣತಿಯಲ್ಲಿ ಕಾಸರಗೋಡು ಜಿಲ್ಲೆಗೆ 13 ಲಕ್ಷದ 7 ಸಾವಿರ ಚಿಲ್ಲರೆ ಜನ. ಶೇಕಡಾ ಒಂದು ಅಂದರೆ 13 ಸಾವಿರ. ವರ್ಗಮೂಲ 114 ಚಿಲ್ಲರೆ. ಚಿಲ್ಲರೆ ಮನುಷ್ಯ ಪದ್ಮಾಸನ ಹಾಕಲಾರ, 115 ಅಂತಿಟ್ಟುಕೊಳ್ಳಿ. ಬೆಳಗ್ಗಿನ ಮಂಗಳೂರು ಬಸ್ಸು ಎರಡನ್ನು ತಡೆದು ನಿಲ್ಲಿಸಿದರೆ ಅಷ್ಟು ಜನ ಸಿಗುತ್ತಾರೆ. ಇಷ್ಟು ಅಗ್ಗಕ್ಕೆ ಶಾಂತಿ ಸಿಗುವಾಗ ನಾವು ಪೊಲೀಸರನ್ನು ಸಾಕಿದ್ದು ಯಾಕೆ ಮಾರಾಯ್ರೆ? ಕಾಸರಗೋಡಿನ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕೆಂದ ಮಹಾಜನ ವರದಿಗೂ ಒಮ್ಮೆ ಕೂತು ನೋಡಬಹುದಿತ್ತು. 1967ರಿಂದ ಬೇರೆಲ್ಲ ಮಾಡಿ ಆಗಿದೆ.

ಈ ಲೆಕ್ಕ ನಮ್ಮ ಮದುವೆ ಹಾಲಿನವರ ಸ್ವಂತದ್ದಲ್ಲ. ಭಾವಾತೀತ ಧ್ಯಾನದ ಮಹರ್ಷಿ ಮಹೇಶ ಯೋಗಿಯವರ ಬಳಗ ಇದಕ್ಕೆ ‘ಮಹರ್ಷಿ ಎಫೆಕ್ಟ್’ ಎಂದು ಹೆಸರಿಟ್ಟು ಪ್ರಯೋಗವನ್ನೂ ಮಾಡಿ ಮುಗಿಸಿದೆ. 1993ರ ಬೇಸಗೆಯಲ್ಲಿ ವಾಷಿಂಗ್ಟನ್ ನಗರದಲ್ಲಿ ಸುಮಾರು 4,000 ಧ್ಯಾನಿಗಳನ್ನು ತಂದು ಕೂರಿಸಿದರು. ಆ ವರ್ಷ ಅಲ್ಲಿ ಕೊಲೆಗಳೇ 400 ದಾಟಿದವು. ಆದರೂ ಹಿಂಸೆ ಇಳಿಯಿತೆಂದು ವರದಿ ಬಂತು. ಅದು ಹೇಗೆಂದರೆ, ಧ್ಯಾನ ಇಲ್ಲದಿದ್ದರೆ ಎಷ್ಟು ಏರಬೇಕಿತ್ತೋ ಅಷ್ಟು ಏರಲಿಲ್ಲ! ಎಸ್ಸೆಸ್ಸೆಲ್ಸಿಯಲ್ಲಿ ಡುಮ್ಕಿ ಹೊಡೆದವನು ಅಪ್ಪನ ಮುಂದೆ ನಿಂತು ‘ಟ್ಯೂಷನ್ನಿಗೆ ಹೋಗದಿದ್ದರೆ ಇದಕ್ಕಿಂತ ಕಡಿಮೆ ಬರುತ್ತಿತ್ತು’ ಅಂದಂತೆ. ಅಪ್ಪ ಬೆತ್ತ ಹುಡುಕುತ್ತಿದ್ದರು. ಜಗತ್ತು 1994ರಲ್ಲಿ ಸಂಶೋಧನೆಯ ಮುಂದಾಳು ಜಾನ್ ಹಗೆಲಿನ್ ಅವರಿಗೆ ಶಾಂತಿಯ ಇಗ್ ನೊಬೆಲ್ ಕೊಟ್ಟಿತು, ನಗುವುದಕ್ಕೆಂದೇ ಕೊಡುವ ಅಣಕು ನೊಬೆಲ್.

ಅದೇ ಬಳಗದವರು ಪಕ್ಷ ಕಟ್ಟಿ 1992ರಲ್ಲಿ ಬ್ರಿಟನ್ನಿನ ಚುನಾವಣೆಗೆ 300ಕ್ಕೂ ಹೆಚ್ಚು ಮಂದಿಯನ್ನು ನಿಲ್ಲಿಸಿ ಅಷ್ಟೂ ಠೇವಣಿ ಕಳೆದುಕೊಂಡರು. ಪಾಪ, ಮಂಜೇಶ್ವರಕ್ಕೆ ಬರಬೇಕಿತ್ತು. 2016ರಲ್ಲಿ ಇಲ್ಲಿ ಗೆದ್ದವರಿಗೂ ಸೋತವರಿಗೂ ನಡುವೆ ಇದ್ದದ್ದು 89 ವೋಟು. 115 ಜನ ಕಣ್ಣು ಬಿಟ್ಟುಕೊಂಡು ಬೂತಿಗೆ ಹೋದರೆ ಎಂಎಲ್ಎ ಬದಲಾಗುವ ಕ್ಷೇತ್ರ ಇದು. ಸಾಬೀತಾದ ಎಫೆಕ್ಟ್ ಅಂತ ನಾನು ಒಪ್ಪುವುದು ಇದೊಂದನ್ನೇ.

ಇನ್ನು ಹಾರಾಟದ ವಿಷಯ. ‘ಯೋಗಿಕ್ ಫ್ಲೈಯಿಂಗ್’ ಅಂತ ಹೆಸರು. ದಪ್ಪ ಫೋಮ್ ಹಾಸಿಗೆ ಹಾಸಿ, ಪದ್ಮಾಸನದಲ್ಲಿ ಕೂತು, ಕೂತಲ್ಲಿಂದಲೇ ಕುಪ್ಪಳಿಸುವುದು. ಮೊದಲ ಹಂತ ಕುಪ್ಪಳಿಸುವುದು, ಎರಡನೆಯದು ಗಾಳಿಯಲ್ಲಿ ನಿಲ್ಲುವುದು, ಮೂರನೆಯದು ಬೇಕಾದಲ್ಲಿಗೆ ಹಾರಿ ಹೋಗುವುದು. 1970ರ ದಶಕದಲ್ಲಿ ಶುರುವಾದದ್ದು, ಇವತ್ತಿಗೂ ಮೊದಲ ಹಂತದಲ್ಲೇ ಉಂಟು.

ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರಿನವರಿಗೆ ಇದನ್ನು ತೋರಿಸಬಾರದು. ಕುಂಬಳೆ ಸೀಮೆಯಲ್ಲಿ ಆಟ ನೋಡಿದವರಿಗೆ ಗೊತ್ತು. ನಡುರಾತ್ರಿ ಕಳೆದ ಮೇಲೆ ಅಭಿಮನ್ಯು ರಂಗಕ್ಕೆ ಬರುತ್ತಾನೆ. ಮೈಮೇಲೆ ಅಷ್ಟು ವೇಷಭೂಷಣ, ಕಾಲಿಗೆ ಗೆಜ್ಜೆ, ಮುಖದ ಬಣ್ಣ ಬೆವರಿಗೆ ಕರಗಿ ಕೊರಳಿಗೆ ಇಳಿದಿದೆ. ಚೆಂಡೆಯ ಪೆಟ್ಟು ಬಿದ್ದ ಕೂಡಲೇ ದಿಗಿಣ, ಅಂದರೆ ಸುತ್ತಿ ಹಾರುವ ಕುಣಿತ, ತೆಗೆಯಲು ಶುರು. ಒಂದು, ಎರಡು, ಹತ್ತು, ಇಪ್ಪತ್ತು. ಕೆಳಗೆ ಫೋಮ್ ಇಲ್ಲ, ಕೊಯ್ಲು ಮುಗಿದ ಗದ್ದೆಯ ಗಟ್ಟಿ ಮಣ್ಣು. ಹಿಂದಿನ ಸಾಲಿನಲ್ಲಿ ಎಲೆಯಡಿಕೆ ಜಗಿಯುವ ಅಜ್ಜ ಬೆರಳು ಮಡಚಿ ಎಣಿಸಿ, ‘ಕಳೆದ ವರ್ಷದವನು ಇದಕ್ಕಿಂತ ಜಾಸ್ತಿ ತೆಗೆದಿದ್ದ’ ಎಂದು ಉಗುಳಲು ಏಳುತ್ತಾನೆ. ಇಷ್ಟು ಹಾರಿದವನು ವಿಶ್ವಶಾಂತಿ ತಂದೆ ಅಂತ ಎಲ್ಲಿಯೂ ಹೇಳಿಕೊಳ್ಳುವುದಿಲ್ಲ. ಬೆಳಗ್ಗೆ ಬಣ್ಣ ತೆಗೆದು, ಚಾ ಕುಡಿದು, ಮೊದಲ ಬಸ್ಸಿಗೆ ಕಾಯುತ್ತಾನೆ.

ನಮ್ಮ ಭಾವ ಶಿಬಿರಕ್ಕೆ ಹೋಗಿದ್ದರು. ತಲೆನೋವು ಬಂತು ಅಂದರೆ ‘ಒಳಗಿನ ಒತ್ತಡ ಹೊರಗೆ ಹೋಗುತ್ತಿದೆ’ ಅಂದರಂತೆ. ನಿದ್ದೆ ಬಂತು ಅಂದರೆ ‘ದೇಹ ತನಗೆ ಬೇಕಾದ್ದನ್ನು ತೆಗೆದುಕೊಂಡಿತು’. ಏನೂ ಆಗಲಿಲ್ಲ ಅಂದರೆ ‘ಸೂಕ್ಷ್ಮದಲ್ಲಿ ಆಗಿದೆ’. ಇದೆಲ್ಲ ಹೌದೋ ಅಲ್ಲವೋ ಎಂದು ಗೊತ್ತಾಗುವುದು ಹೇಗೆ ಅಂತ ಕೇಳಿದ್ದಕ್ಕೆ ಮಾತ್ರ ಗುರುಗಳ ಮುಗುಳ್ನಗು ಸ್ವಲ್ಪ ಮಾಸಿತಂತೆ. ಸಂಶಯ ಅಹಂಕಾರದ ಲಕ್ಷಣ. ಎಂಥ ಅದ್ಭುತ ವಿದ್ಯೆ ನೋಡಿ, ಗೆದ್ದರೆ ಧ್ಯಾನ ಗೆದ್ದದ್ದು, ಸೋತರೆ ಭಾವ ಸೋತದ್ದು.

ಬೆಳಗ್ಗೆ ಇಪ್ಪತ್ತು ನಿಮಿಷ ಸುಮ್ಮನೆ ಕೂರುವುದಕ್ಕೆ ನನ್ನ ತಕರಾರಿಲ್ಲ. ಕೂರಲಿ. ಮನೆಯ ಟಿವಿಗೂ ಅಷ್ಟು ಹೊತ್ತು ವಿರಾಮ.

ಆದರೆ ಎರಡನೇ ದಿನದ ಪಾಠ ಕೇಳಿದ ಮೇಲೆ ತಮಾಷೆ ಮಾಡುವ ಮನಸ್ಸಾಗಲಿಲ್ಲ. ರೋಗವೆಲ್ಲ ಮನಸ್ಸಿನಿಂದಲೇ ಬರುವುದಂತೆ. ಕೆಟ್ಟ ಆಲೋಚನೆಯ ಫಲ, ಅದಲ್ಲದಿದ್ದರೆ ಹಿಂದಿನ ಜನ್ಮದ ಬಾಕಿ. ಇದನ್ನು ಹೇಳಿದ್ದು ಬದಿಯಡ್ಕದಲ್ಲಿ ನಿಂತು. ಅಲ್ಲಿಂದ ಪೆರ್ಲದ ದಾರಿ ಹಿಡಿದರೆ ಎಣ್ಮಕಜೆ, ಪಡ್ರೆ. 1970ರ ದಶಕದ ಕೊನೆಯಿಂದ 2000ದವರೆಗೆ ಸರಕಾರಿ ನಿಗಮದ ಗೇರುತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಜಾಗ. ಗುಡ್ಡದ ಮೇಲೆ ತೋಟ, ಕೆಳಗೆ ಮನೆ, ತೋಡು, ಜನ ನೀರು ಕುಡಿಯುವ ಸುರಂಗ. ಅಲ್ಲಿ ಕತ್ತು ನಿಲ್ಲದ ಮಕ್ಕಳು ಹುಟ್ಟಿದರು. ಮೀಸೆ ಬಂದ ಮಗನನ್ನು ಇವತ್ತಿಗೂ ಅಮ್ಮನೇ ಎತ್ತಿ ಸ್ನಾನಕ್ಕೆ ಒಯ್ಯಬೇಕು. ಹೊಟ್ಟೆಯೊಳಗೆ ಇದ್ದಾಗ ಆ ಮಗು ಮಾಡಿದ ಕೆಟ್ಟ ಆಲೋಚನೆ ಯಾವುದು, ಹೇಳಿ ಸ್ವಾಮಿ? ಪೈಲಟ್ಟಿನ ಕರ್ಮ ಯಾಕೆ ಪೈಲಟ್ಟಿಗೆ ಹತ್ತಲಿಲ್ಲ? ತಲಾ 5 ಲಕ್ಷ ಪರಿಹಾರವನ್ನು ಮೂರು ತಿಂಗಳೊಳಗೆ ಕೊಡಿ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2017ರಲ್ಲಿ. 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ಲೆಕ್ಕ ಕೇಳಿದಾಗ 3,704 ಮಂದಿಯಲ್ಲಿ ದುಡ್ಡು ಸಿಕ್ಕಿದ್ದು ಎಂಟು ಜನರಿಗೆ. ಅದೂ ಅವರ ಆಲೋಚನೆಯ ದೋಷವೋ? 2020ರ ಕೊರೊನಾ ಲಾಕ್‌ಡೌನಿನಲ್ಲಿ ಕರ್ನಾಟಕ ಗಡಿಯ ರಸ್ತೆಗೆ ಮಣ್ಣು ಸುರಿದು ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆ ಮುಟ್ಟಲಾಗದೆ ಸತ್ತವರು ಸರಿಯಾಗಿ ಉಸಿರಾಡಲು ಕಲಿತಿರಲಿಲ್ಲವೋ? ಸಾಕಾಗಿದೆ. ವಿಷ ಸುರಿದವರನ್ನೂ ಕಡತದ ಮೇಲೆ ಕೂತವರನ್ನೂ ಬಿಟ್ಟು, ಮಲಗಿದವರನ್ನೇ ತಪ್ಪಿತಸ್ಥರೆನ್ನುವ ಬೋಧನೆಗೆ ತಾವರೆಯ ಚಿತ್ರ ಬೇರೆ.

ಶಿಬಿರದಲ್ಲಿ ಪೆರ್ಲದ ಕಡೆಯ ಹೆಂಗಸೊಬ್ಬರು ಎದ್ದು ಹೆಚ್ಚುಕಡಿಮೆ ಇದನ್ನೇ ಕೇಳಿದರಂತೆ. ಚೀಟಿಯಲ್ಲಿ ಬರೆದು ಕೊಡಿ ಅಂದರು. ಬರೆದು ಕೊಟ್ಟರು. ಮೂರನೇ ದಿನ ಸಂಜೆ ಗುರುಗಳು ಚೀಟಿ ಬಿಡಿಸಿ ಓದಿ, ಇದು ಬಹಳ ಆಳವಾದ ಪ್ರಶ್ನೆ, ಉತ್ತರ ಎರಡನೇ ಹಂತದ ಶಿಬಿರದಲ್ಲಿ ಬರುತ್ತದೆ ಅಂದರು. ಅದು ಮುಂದಿನ ತಿಂಗಳು ಮುಳ್ಳೇರಿಯದಲ್ಲಿ. ಶುಲ್ಕ ಬೇರೆ, ಕಟ್ಟಿದರೆ ವಾಪಸು ಇಲ್ಲ.