ಚಳಿಯ ಮಸಿ

ಮಹಡಿ ಮನೆಯವರ ಸಯಾಮಿ ಬೆಕ್ಕನ್ನು ಮೊದಲ ಸಲ ಕಂಡಾಗ ಅಮ್ಮ ಮರುಗಿದರು. "ಪಾಪ, ಒಲೆಯೊಳಗೆ ಮುಖ ಹಾಕಿದೆ. ಯಾರಾದರೂ ಒರೆಸಬಾರದೇ?"

ಅವರ ತಪ್ಪೇನೂ ಇಲ್ಲ. ಮಲೆನಾಡಿನ ಅಡಿಗೆಮನೆಯಲ್ಲಿ ಬೆಳೆದವರಿಗೆ ಬೆಕ್ಕಿನ ಶಯನಾಗಾರ ಎಂದರೆ ಆರಿದ ಒಲೆ. ಬೆಳಗ್ಗೆ ಬೆಂಕಿ ಹಚ್ಚುವ ಮೊದಲು ಅದನ್ನು ಎಬ್ಬಿಸಿ ಹೊರಗೆ ಅಟ್ಟಬೇಕು. ಅದು ನಿಧಾನವಾಗಿ ಮೈಮುರಿದು, ಬೂದಿ ಕೊಡವಿಕೊಂಡು, ನಮ್ಮದೇ ತಪ್ಪೆಂಬಂತೆ ದುರುಗುಟ್ಟಿ ಹೊರಡುವಾಗ ಮೂತಿ, ಕಿವಿ, ಪಾದ, ಬಾಲಕ್ಕೆಲ್ಲ ಮಸಿ ಮೆತ್ತಿರುತ್ತಿತ್ತು. ಮಹಡಿಯ ಬೆಕ್ಕು ಕಪ್ಪಾಗಿರುವುದೂ ಸರಿಯಾಗಿ ಅಷ್ಟೇ ಜಾಗಗಳಲ್ಲಿ. ಉಳಿದ ಮೈ ಕೆನೆಬಣ್ಣ, ಕಣ್ಣು ಮಾತ್ರ ತಿಳಿನೀಲಿ. ಆದರೆ ವಿಚಾರಿಸುತ್ತ ಹೋದ ಹಾಗೆ ನನಗೆ ತಿಳಿದದ್ದು ತಲೆಕೆಳಗಿನ ಸಂಗತಿ. ಆ ಮಸಿ ಬೆಂಕಿಯಿಂದ ಹತ್ತಿದ್ದಲ್ಲ, ಚಳಿಯಿಂದ ಹತ್ತಿದ್ದು.

ಕೂದಲಿಗೆ ಕಪ್ಪು ಕಟ್ಟಬೇಕಾದರೆ ಟೈರೋಸಿನೇಸ್ ಎಂಬ ಕಿಣ್ವ ದುಡಿಯಬೇಕು. ಸಯಾಮಿ ಬೆಕ್ಕಿನಲ್ಲಿ ಆ ಕಿಣ್ವದ ಜೀನು ಕೊಂಚ ಕೆಟ್ಟಿದೆ. ತಣ್ಣನೆಯ ಕೋಣೆ ಸಿಗದ ಹೊರತು ಕಡತ ಮುಟ್ಟದ ಅಧಿಕಾರಿಯಂತೆ ಅದು ಮೈ ಬೆಚ್ಚಗಿರುವ ಕಡೆ ಕೈಕಟ್ಟಿ ಕೂರುತ್ತದೆ. ಬೆಕ್ಕಿನ ಮೈಯೋ ಸದಾ 38 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನ ಬಿಸಿ. ಹೀಗಾಗಿ ಗಾಳಿಗೆ ತೆರೆದು ತಣ್ಣಗಾಗುವ ತುದಿಗಳಲ್ಲಿ ಮಾತ್ರ ಬಣ್ಣದ ಕೆಲಸ ನಡೆಯುತ್ತದೆ. ತಾಯಿಯ ಹೊಟ್ಟೆಯೊಳಗೆ ಎಲ್ಲ ಕಡೆಯೂ ಒಂದೇ ಬಿಸಿಯಾದ್ದರಿಂದ ಮರಿಗಳು ಬೆಳ್ಳಗೇ ಹುಟ್ಟುತ್ತವೆ. ಹೊರಗೆ ಬಂದು ದಿನಗಳು ಕಳೆದಂತೆ ಕಿವಿಯ ಅಂಚಿಗೆ ಕಾಡಿಗೆ ಇಟ್ಟ ಹಾಗೆ ಕಪ್ಪು ಮೂಡತೊಡಗುತ್ತದೆ. ವಯಸ್ಸಾದಂತೆ ಮೈಯೂ ಮಬ್ಬಾಗುತ್ತದೆ. ನಮ್ಮ ತಲೆ ನರೆಯುವ ವಯಸ್ಸಿಗೆ ಈ ಬೆಕ್ಕು ಕಪ್ಪಾಗುತ್ತದೆಂಬುದು ನನಗೆ ಸ್ವಲ್ಪ ಹೊಟ್ಟೆಕಿಚ್ಚಿನ ವಿಷಯ.

ಕಣ್ಣಿನ ನೀಲಿಗೂ ಇದೇ ಜೀನು ಕಾರಣ. ಹಳೆಯ ತಳಿಗಳ ಮೆಳ್ಳಗಣ್ಣಿಗೂ ಇದೇ. ಕಣ್ಣಿನಿಂದ ಮಿದುಳಿಗೆ ಹೋಗುವ ನರಗಳಲ್ಲಿ ಕೆಲವು ದಾರಿ ತಪ್ಪಿ ಮತ್ತೊಂದು ಬದಿಗೆ ಸೇರಿಬಿಡುತ್ತವೆ. ಜಗತ್ತನ್ನು ನೇರ ಮಾಡಿಕೊಳ್ಳಲು ಪಾಪದ ಪ್ರಾಣಿ ಕಣ್ಣನ್ನೇ ಓರೆ ಮಾಡಿಕೊಳ್ಳುತ್ತದೆ. ಆದರೆ ಬೆಕ್ಕನ್ನು ಮುದ್ದಿಸುವವರು ನರಗಳ ಕಥೆ ಕೇಳಿ ತೃಪ್ತರಾಗುವವರಲ್ಲ. ಬುದ್ಧನ ಚಿನ್ನದ ಬಟ್ಟಲನ್ನು ಎವೆಯಿಕ್ಕದೆ ಕಾದು ಕಾದು ಕಣ್ಣು ಓರೆಯಾಯಿತಂತೆ. ಬಾಲದ ತುದಿಯ ಸೊಟ್ಟಕ್ಕೂ ಕಥೆಯುಂಟು: ರಾಜಕುಮಾರಿ ಸ್ನಾನಕ್ಕೆ ಇಳಿಯುವಾಗ ಉಂಗುರಗಳನ್ನು ಬೆಕ್ಕಿನ ಬಾಲಕ್ಕೆ ತೊಡಿಸುತ್ತಿದ್ದಳು, ಅವು ಜಾರದಿರಲೆಂದು ಬಾಲವೇ ಮಣಿದು ಕೊಕ್ಕೆಯಾಯಿತು. ದೋಷವೊಂದಕ್ಕೆ ಇಷ್ಟು ಚೆಂದದ ವಕಾಲತ್ತು ಸಿಗುವುದಾದರೆ ನನಗೂ ಒಂದೆರಡು ದೋಷಗಳಿವೆ.

ತವರಾದ ಥಾಯ್ಲೆಂಡಿನಲ್ಲಿ ಇದರ ಹೆಸರು ವಿಚಿಯನ್‌ಮಾತ್. ಮೊದಲ ತುಂಡು ನಮ್ಮ 'ವಜ್ರ'ದ ದಾಯಾದಿ. ಪಾಲಿಯ 'ವಜಿರ' ಥಾಯ್ ನಾಲಗೆಯಲ್ಲಿ ಹೊರಳಿ ಹೀಗಾಗಿದೆ. ಅಯೋಧ್ಯೆಯ ಹೆಸರು ಹೊತ್ತ ಅಯುತ್ತಯ ರಾಜಧಾನಿಯಾಗಿದ್ದ ಕಾಲದಿಂದ ಬಂದವೆನ್ನುವ ಬೆಕ್ಕಿನ ಪದ್ಯಗಳು ಅಲ್ಲಿವೆ. 17 ಬಗೆಯ ಬೆಕ್ಕುಗಳು ಶುಭ, 6 ಬಗೆಯವು ಅಶುಭ ಎಂದು ಅವು ಪಟ್ಟಿ ಮಾಡುತ್ತವೆ. ನಮ್ಮಲ್ಲಿ ಅಡ್ಡ ಬಂದ ಬೆಕ್ಕೆಲ್ಲ ಅಪಶಕುನವೇ. ಅಲ್ಲಿ ಬಣ್ಣ ನೋಡಿ ತೀರ್ಪು ಕೊಡುವಷ್ಟು ವ್ಯವಧಾನವಿತ್ತು. ನಾವು ಗೃಹಪ್ರವೇಶಕ್ಕೆ ಹಸುಕರುವನ್ನು ಹೊಸ್ತಿಲು ದಾಟಿಸಿದರೆ, ಥಾಯ್ ಅರಮನೆಯ ಗೃಹಪ್ರವೇಶದಲ್ಲಿ ಬೆಕ್ಕನ್ನು ಎತ್ತಿಕೊಂಡು ಹೋಗುವ ಸಂಪ್ರದಾಯವಿದೆ. ಹಸುವಿಗಿಂತ ಇದು ಅನುಕೂಲ, ಲಿಫ್ಟಿನಲ್ಲೂ ಹಿಡಿಸುತ್ತದೆ.

1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ, ಅಂದರೆ ನಮ್ಮ ಲಾಲ್‌ಬಾಗಿನ ಗಾಜಿನ ಮನೆಗೆ ಪ್ರೇರಣೆಯಾದ ಆ ಕಟ್ಟಡದಲ್ಲಿ, ಬೆಕ್ಕುಗಳ ದೊಡ್ಡ ಪ್ರದರ್ಶನ ನಡೆಯಿತು. ಅಲ್ಲಿ ಇದನ್ನು ಕಂಡವರೊಬ್ಬರು ಕೆಟ್ಟ ಕನಸಿನಲ್ಲಿ ಬರುವಂಥ ಅಸಹಜ ಬೆಕ್ಕೆಂದು ಬರೆದರು. ಏಳು ವರ್ಷಗಳ ಬಳಿಕ ಬ್ಯಾಂಕಾಕಿನಲ್ಲಿದ್ದ ಅಮೆರಿಕನ್ ರಾಯಭಾರ ಅಧಿಕಾರಿಯೊಬ್ಬ ತನ್ನ ದೇಶದ ಅಧ್ಯಕ್ಷ ಹೇಯ್ಸ್ ಅವರ ಪತ್ನಿ ಲೂಸಿಗೆ ಒಂದನ್ನು ಹಡಗಿನಲ್ಲಿ ಕಳುಹಿಸಿದ. ಶ್ವೇತಭವನದಲ್ಲಿ ಅದಕ್ಕೆ 'ಸಯಾಮ್' ಎಂದೇ ಹೆಸರಾಯಿತು. ಆದರೆ ಕೆಲವೇ ತಿಂಗಳಲ್ಲಿ ಕಾಯಿಲೆ ಬಿದ್ದು ತೀರಿಕೊಂಡಿತು. ಆಮೇಲೆ ಬ್ರಿಟಿಷ್ ಅಧಿಕಾರಿ ಗೌಲ್ಡ್ 1884ರಲ್ಲಿ ತಂಗಿಗೆಂದು ಒಂದು ಜೋಡಿಯನ್ನು ತಂದ, ಮರಿಗಳಾದವು, ಬಹುಮಾನ ಬಂತು, 1901ಕ್ಕೆ ಇಂಗ್ಲೆಂಡಿನಲ್ಲಿ ಸಂಘವೇ ಕಟ್ಟಿಕೊಂಡಿತು. ದುಃಸ್ವಪ್ನ ಮೂವತ್ತೇ ವರ್ಷಗಳಲ್ಲಿ ಫ್ಯಾಷನ್ ಆಯಿತು. 1939ರಲ್ಲಿ ದೇಶವೇ ಸಯಾಮ್ ಎಂಬ ಹೆಸರು ಬಿಟ್ಟು ಥಾಯ್ಲೆಂಡ್ ಆಯಿತು, ಬೆಕ್ಕು ಮಾತ್ರ ಬಿಡಲಿಲ್ಲ.

ಬೇಡಿಕೆ ಬಂದ ಮೇಲೆ ತಿದ್ದುವವರೂ ಬಂದರು. ಮೆಳ್ಳಗಣ್ಣು ಬೇಡ, ಸೊಟ್ಟ ಬಾಲ ಬೇಡ ಎಂದು ಆರಿಸಿ ಆರಿಸಿ ಬೆಳೆಸಿದರು. ಅಷ್ಟಕ್ಕೆ ನಿಲ್ಲಿಸಿದ್ದರೆ ಒಳ್ಳೆಯದಿತ್ತು. ಮುಖ ಇನ್ನಷ್ಟು ಚೂಪಾಗಲಿ, ಕಿವಿ ಇನ್ನಷ್ಟು ಅಗಲವಾಗಲಿ ಎಂದು ಹೊರಟು, ಪ್ರದರ್ಶನಗಳ ಈಗಿನ ಸಯಾಮಿ ಬೆಕ್ಕು ಬಾವಲಿಯ ಕಿವಿ ಎರವಲು ಪಡೆದ ತ್ರಿಕೋನದಂತಾಗಿದೆ. ಹಳೆಯ ದುಂಡುಮುಖದ ಬೆಕ್ಕಿಗೆ ಈಗ 'ಥಾಯ್' ಎಂಬ ಪ್ರತ್ಯೇಕ ತಳಿಯ ಪಟ್ಟ ಕೊಟ್ಟಿದ್ದಾರೆ. ಮನೆಯ ಹಿರಿಮಗನಿಗೆ ಹೊರಕೋಣೆ ತೋರಿಸಿದ ಹಾಗೆ.

ತಿದ್ದುವವರ ಕೈಗೆ ಸಿಗದೆ ಉಳಿದದ್ದು ಅದರ ದನಿ. ಥಾಯ್ ಭಾಷೆಯಲ್ಲಿ ಬೆಕ್ಕಿಗಿರುವ ಪದವೇ 'ಮ್ಯಾವ್' ಎಂದು ಕೇಳಿಸುವಂಥದ್ದು, ಆದರೆ ಈ ಬೆಕ್ಕು ಮ್ಯಾವ್ ಎನ್ನುವುದಿಲ್ಲ. ಎಳೆಮಗು ಹಟ ಹಿಡಿದು ಅತ್ತಂತೆ, ನಡುನಡುವೆ ವಾದ ಮಂಡಿಸಿದಂತೆ ಕೂಗುತ್ತದೆ. ಮಹಡಿಯವರು ಕಚೇರಿಯಿಂದ ಬಂದೊಡನೆ ತಡವಾದುದರ ವಿಚಾರಣೆ ಶುರು. ಅವರೂ ಸಮಜಾಯಿಷಿ ಕೊಡುತ್ತಾರೆ: "ಟ್ರಾಫಿಕ್ ಇತ್ತು ಮಾರಾಯ್ತಿ." ಒಪ್ಪಲಾರದ ಒಂದು ದೀರ್ಘ ಸ್ವರ. ಕೋಣೆಯಿಂದ ಕೋಣೆಗೆ ಬೆನ್ನು ಹತ್ತಿ ಬರುವ ಇದಕ್ಕೆ 'ಬೆಕ್ಕಿನ ಬಿಡಾರ ಬೇರೆ' ಎಂಬ ಮಾತು ಯಾರೂ ಹೇಳಿಕೊಟ್ಟಂತಿಲ್ಲ.

ಕಳೆದ ಡಿಸೆಂಬರಿನಲ್ಲಿ ಅದಕ್ಕೆ ಒಂದು ಸಣ್ಣ ಶಸ್ತ್ರಚಿಕಿತ್ಸೆಯಾಯಿತು. ಪಕ್ಕೆಯ ಕೂದಲು ಬೋಳಿಸಿದ್ದರು. ಬಟಾಬಯಲಾದ ಆ ಜಾಗ ಚಳಿಗೆ ತಣ್ಣಗಾಗಿ, ಹೊಸ ಕೂದಲು ಅಂಗೈಯಗಲ ಕಪ್ಪಾಗಿಯೇ ಬಂತು. "ನೋಡು, ಅಂತೂ ಒಲೆಗೆ ಬಿದ್ದೇ ಬಿಟ್ಟಿತು" ಎಂದರು ಅಮ್ಮ. ಕಿಣ್ವದ ಪುರಾಣವನ್ನೆಲ್ಲ ಬಿಡಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು "ಇರಬಹುದಪ್ಪ" ಎಂದವರೇ ಸೆರಗಿನ ತುದಿಯನ್ನು ನೀರಿನಲ್ಲಿ ಅದ್ದಿ, ತೊಡೆಯ ಮೇಲಿದ್ದ ಬೆಕ್ಕಿನ ಮೂತಿಯನ್ನು ಮತ್ತೊಮ್ಮೆ ತಿಕ್ಕಿ ಒರೆಸಿದರು. ತಂಪು ತಗುಲಿದಷ್ಟೂ ಅದು ಇನ್ನೂ ಕಪ್ಪಾಗುತ್ತದೆ ಎಂದು ಹೇಳಲು ನಾನು ಹೋಗಲಿಲ್ಲ.