ಲೈನ್ ಐತಿ, ಲೈನ್ ಇಲ್ಲ

ಹುಬ್ಬಳ್ಳಿಯ ಒಂದು ಕಚೇರಿಗೆ ಉತಾರಕ್ಕಂತ, ಅಂದರೆ ಹೊಲದ ಪಹಣಿಗಂತ, ಹೋಗಿದ್ದೆ. ಯಾವ ಕಚೇರಿ ಅಂತ ಹೇಳುವುದಿಲ್ಲ, ಮುಂದಿನ ವಾರ ಮತ್ತೆ ಅಲ್ಲಿಗೇ ಹೋಗಬೇಕು. ಬಾಗಿಲ ಮೇಲೆ ಬೋರ್ಡು: ‘ನಮ್ಮ ಎಲ್ಲ ಸೇವೆಗಳೂ ಆನ್‌ಲೈನ್’. ಅದರ ಕೆಳಗೆ ಸ್ಕೆಚ್ ಪೆನ್ನಿನಲ್ಲಿ ಬರೆದು ಅಂಟಿಸಿದ ಹಾಳೆ: ‘ಲೈನ್ ಬಿಟ್ಟು ಬಂದವರ ಕೆಲಸ ಮಾಡುವುದಿಲ್ಲ’. ಹಾಳೆಯ ಕೆಳಗೆ, ನೆಲದ ಮೇಲೆ, ಚಪ್ಪಲಿಗಳು. ಮುಂಜಾನೆ ಏಳಕ್ಕೇ ಬಂದವರು ತಂತಮ್ಮ ಚಪ್ಪಲಿಗಳನ್ನು ಪಾಳಿಗೆ ಬಿಟ್ಟು, ತಾವು ಬೇವಿನ ಗಿಡದ ನೆರಳಿಗೆ ಕೂತಿದ್ದರು. ಹವಾಯಿ ಚಪ್ಪಲಿ, ಹಿಮ್ಮಡ ಸವೆದ ಬೂಟು, ನಡುವೆ ಒಂದು ಟವೆಲ್ಲಿನ ಗಂಟು, ಆಮೇಲೆ ಒಂದು ಕಲ್ಲು. ಕಲ್ಲಿನ ಹಿಂದೆ ನನ್ನ ಚಪ್ಪಲಿ ಬಿಟ್ಟೆ. ಮೂವತ್ತು ವರ್ಷ ನೌಕರಿ ಮಾಡಿ ನಿವೃತ್ತನಾದವನು ಒಂದು ಕಲ್ಲಿನ ಹಿಂದೆ ನಿಂತಿದ್ದೆ, ಅದೂ ಬರಿಗಾಲಿನಲ್ಲಿ.

ಹತ್ತೂವರೆಗೆ ಕಿಟಕಿ ತೆರೆದ ಹುಡುಗ, “ಲೈನ್ ಇಲ್ಲರಿ” ಅಂದ.

ಮುಂದೆ ನಿಂತಿದ್ದ ಕುಂದಗೋಳ ಕಡೆಯ ಅಜ್ಜಾರು ಹೊರಳಿ ನೋಡಿದರು. ಬಾಗಿಲು ದಾಟಿ, ಕಟ್ಟೆ ದಾಟಿ, ಗೇಟಿನ ಚಹಾ ಗಾಡಿಯ ತನಕ ಚಪ್ಪಲಿಯೇ ಚಪ್ಪಲಿ.

“ಇಷ್ಟುದ್ದ ಐತಲ್ಲೋ ತಮ್ಮಾ!”

“ಆ ಲೈನ್ ಅಲ್ಲರಿ ಅಜ್ಜಾರ, ನೆಟ್ಟಿನ ಲೈನ್.”

ಅಷ್ಟರಲ್ಲಿ ಮನೆಯಿಂದ ಫೋನು. “ಲೈನ್‌ಮನ್ ಬಂದಿದ್ದ. ಲೈನ್ ಕೊಟ್ಟೇನಿ ಅಂತ ಹೇಳಿ ಹೋದ. ಲೈನ್ ಬಂದಿಲ್ಲ” ಅಂದಳು ನಮ್ಮಾಕೆ. ಸರ್ಕಾರ ಆ ಹುದ್ದೆಗೆ ‘ಪವರ್‌ಮನ್’ ಅಂತ ಹೊಸ ಹೆಸರಿಟ್ಟು ವರ್ಷಗಳಾದವು. ಪವರ್ ಇಲ್ಲದ ಹೊತ್ತಿಗೇ ಬರುವವನಿಗೆ ಆ ಹೆಸರು ಹೇಗೆ ಅಂಟೀತು? ನಾನು ಏನೋ ಹೇಳಲು ಹೋದೆ, ಅಷ್ಟರಲ್ಲಿ ಫೋನಿನ ಲೈನೂ ಹೋಯಿತು.

ಕಾಯುವವನಿಗೆ ಬೇರೆ ಕೆಲಸವಿಲ್ಲ, ಶಬ್ದಗಳ ಬೆನ್ನು ಹತ್ತಿದೆ. ಇಂಗ್ಲಿಷಿನವರ ಆಕ್ಸ್‌ಫರ್ಡ್ ದೊಡ್ಡ ನಿಘಂಟಿನ 1989ರ ಆವೃತ್ತಿಯಲ್ಲಿ ‘ಸೆಟ್’ ಎಂಬ ಮೂರಕ್ಷರದ ಪದಕ್ಕೆ 430 ಅರ್ಥ ಕೊಟ್ಟು, ಅದೇ ದೊಡ್ಡದು ಅಂತ ಬಹಳ ದಿನ ಬೀಗಿದ್ದರು. ಆಮೇಲೆ ‘ರನ್’ ಅನ್ನುವ ಕ್ರಿಯಾಪದವನ್ನು ಹಿಡಿದು ಕೂತ ನಿಘಂಟುಕಾರರೊಬ್ಬರು ಒಂಬತ್ತು ತಿಂಗಳು ತಿಣುಕಿ 645 ಅರ್ಥ ಹೆತ್ತರು. ಪಾಪ, ಅವರು ಹುಬ್ಬಳ್ಳಿಗೆ ಬಂದಿಲ್ಲ. ಬಂದು ಒಂದು ಮುಂಜಾನೆ ಈ ಬೇವಿನ ಗಿಡದ ಕೆಳಗೆ ಕೂತಿದ್ದರೆ ‘ಲೈನ್’ ಮುಂದೆ ಸೆಟ್ಟೂ ರನ್ನೂ ಎರಡೂ ಪಾಳಿ ಬಿಟ್ಟು ಹಿಂದೆ ಸರಿಯುತ್ತಿದ್ದವು.

ಈ ಲೈನ್ ಹುಟ್ಟಿದ್ದು ಎಲ್ಲಿ ಗೊತ್ತೇನು? ಲ್ಯಾಟಿನ್ನಿನ ‘ಲೀನುಮ್’ನಲ್ಲಿ. ಲೀನುಮ್ ಅಂದರೆ ಅಗಸಿ, ನಾವು ಹುರಿದು ಕುಟ್ಟಿ ಹಿಂಡಿ ಮಾಡಿ ಬಿಸಿ ರೊಟ್ಟಿಗೆ ಹಚ್ಚಿಕೊಂಡು ತಿನ್ನುವ ಅದೇ ಅಗಸಿ. ಅದರ ನಾರಿನಿಂದ ಹೊಸೆದ ದಾರ ‘ಲೀನೆಯ’, ದಾರ ಎಳೆದು ಹಿಡಿದರೆ ನೆಟ್ಟಗಿನ ಗೆರೆ, ಗೆರೆಯಿಂದ ಲೈನು. ಅಂಗಿಯ ಒಳಗಿನ ಲೈನಿಂಗೂ ಅದೇ ನಾರಿನದು. ಅಂದರೆ ಎರಡು ಸಾವಿರ ವರ್ಷದ ಹಿಂದೆ ರೋಮಿನವರು ಅಗಸಿಯ ನಾರು ಸುಲಿದು ಲೈನ್ ಮಾಡಿಕೊಂಡರು, ನಾವು ಬೀಜ ತಿಂದು ಅವರ ಲೈನಿನಲ್ಲಿ ನಿಂತೆವು. ನಮ್ಮಲ್ಲಿ ಅಗಸಿ ಅಂದರೆ ಊರಬಾಗಿಲೂ ಹೌದು. ಆ ಅಗಸಿ ದಾಟಿ ಒಳಗೆ ಬರಲು ಮೊದಲು ಯಾರೂ ಟೋಕನ್ ಕೇಳುತ್ತಿರಲಿಲ್ಲ.

ಇಂಗ್ಲಿಷಿನಲ್ಲಿ ಭೂಮಧ್ಯರೇಖೆಗೂ ಹಡಗಿನವರು ಬರೀ ‘ಲೈನ್’ ಅನ್ನುತ್ತಾರೆ. ನಕಾಶೆಯಲ್ಲಿ ಇದೆ, ನೀರಿನ ಮೇಲೆ ಹುಡುಕಿದರೆ ಇಲ್ಲ. ಈ ಅರ್ಥವನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ಹುಬ್ಬಳ್ಳಿ–ಅಂಕೋಲಾ ಲೈನ್ ನೋಡಿದವರು ನಾವು. ಅಲ್ಲ, ನೋಡದವರು. 1997–98ರ ಹೊತ್ತಿಗೆ ಮಂಜೂರಾದ, 160 ಕಿಲೋಮೀಟರಿಗೂ ಉದ್ದದ ಆ ರೈಲು ಲೈನು ಕಾಡು, ಕೋರ್ಟು, ಸಮೀಕ್ಷೆ ಅಂತ ಅಲೆಯುತ್ತ ಕಾಲು ಶತಮಾನ ದಾಟಿತು. ಅದು ಮಂಜೂರಾದ ವರ್ಷ ಹುಟ್ಟಿದ ಕೂಸು ಈಗ ಕನ್ಯಾ ನೋಡಲು ಅಂಕೋಲಾಕ್ಕೆ ಬಸ್ಸಿನಲ್ಲಿ ಹೋಗುತ್ತದೆ. ಸರ್ಕಾರದವರನ್ನು ಸುಮ್ಮನೆ ಬೈಯಬಾರದು. ಲೈನು ಬರುವ ತನಕ ಜನ ನಿಲ್ಲಲು ಜಾಗ ಬೇಕಲ್ಲ ಅಂತ ನಮ್ಮ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ 1507 ಮೀಟರಿನ ಪ್ಲಾಟ್‌ಫಾರ್ಮ್ ಕಟ್ಟಿಸಿದ್ದಾರೆ. ಜಗತ್ತಿನಲ್ಲೇ ಉದ್ದದ್ದು. 2023ರ ಮಾರ್ಚ್ 12ರಂದು ಪ್ರಧಾನಿಯವರೇ ಬಂದು ಅರ್ಪಿಸಿದರು. ಕಾಯುವುದಕ್ಕೆ ಇಷ್ಟುದ್ದದ ಜಾಗ ಬೇರೆ ಯಾವ ಊರಿಗಿದೆ ಹೇಳಿ.

ಧಾರವಾಡದವರದು ಬೇರೆಯೇ ಗತ್ತು. ಅವರ ಊರಲ್ಲಿ ಲೈನಿಗೆ ಒಂದು ಬಜಾರೇ ಇದೆ. ಲೈನ್ ಬಜಾರಿನಲ್ಲಿ ಫೇಡೆಗೆ ಲೈನು, ಹನುಮಪ್ಪನಿಗೆ ಲೈನು. ಬ್ರಿಟಿಷರು ಪಾಳಿಗೆ ‘ಕ್ಯೂ’ ಅನ್ನುತ್ತಾರೆ, ಲೈನ್ ಅನ್ನುವುದು ಅಮೆರಿಕದವರ ರೂಢಿ. ಕ್ಯೂ ಫ್ರೆಂಚ್ ಮಾತು, ಅದರ ಮೂಲ ಅರ್ಥ ಬಾಲ. ಶನಿವಾರ ಸಂಜೆ ಲೈನ್ ಬಜಾರಿನ ಹನುಮಪ್ಪನ ಗುಡಿ ಮುಂದೆ ನಿಂತು ನೋಡಿ, ಫ್ರೆಂಚರು ಎಷ್ಟು ಸರಿಯಾಗಿ ಹೇಳಿದ್ದಾರೆ ಅನ್ನುವುದು ಗೊತ್ತಾಗುತ್ತದೆ. ಇನ್ನು ಧಾರವಾಡದ ಕವಿಗೋಷ್ಠಿಗಳು. “ನಾಲ್ಕು ಲೈನ್ ಓದತೇನಿ” ಅಂತ ಎದ್ದವರು ನಲವತ್ತಾದರೂ ಕೂರುವುದಿಲ್ಲ. ಹೀಗೆ ನಿಂತಲ್ಲೇ ಬೆಳೆಯುವ ಲೈನಿಗೆ ಆಕ್ಸ್‌ಫರ್ಡಿನವರು ಹೊಸ ನಮೂದನ್ನೇ ತೆಗೆಯಬೇಕು.

ವರ ನೋಡಲು ಬಂದವರು “ಹುಡುಗ ಯಾವ ಲೈನಿನ್ಯಾಗ ಅದಾನರಿ?” ಅಂತ ಕೇಳುತ್ತಾರೆ. ಕಿರಾಣಿ ಸಗಟು ಅಂಗಡಿಯ ಸೇಲ್ಸ್‌ಮನ್ ಆದರೆ “ಇವತ್ತ ಶಿಗ್ಗಾವಿ ಲೈನಿಗೆ ಹೋಗ್ಯಾನ” ಅಂತ ಅವ್ವ ಹೇಳುತ್ತಾಳೆ. ಕಾಲೇಜಿನಲ್ಲಿ ಯಾರಿಗೋ ಲೈನ್ ಹೊಡೆಯುತ್ತಿದ್ದ, ಈಗ ಲೈನಿಗೆ ಬಂದಿದ್ದಾನೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ನೀರಿನ ಲೈನ್ ಒಡೆದರೆ ಎಂಟು ದಿನ ಕೊಡ ತೊಳೆದಿಟ್ಟುಕೊಂಡು ಕೂತಿರುತ್ತೇವೆ. ಚಿಗರಿ ಬಸ್ಸಿಗೆಂದೇ ಬಿಟ್ಟ ಪ್ರತ್ಯೇಕ ರಸ್ತೆಯೂ ನಮ್ಮ ಬಾಯಲ್ಲಿ ‘ಚಿಗರಿ ಲೈನ್’. 2020ರ ಫೆಬ್ರುವರಿಯಲ್ಲಿ ಉಪರಾಷ್ಟ್ರಪತಿಗಳೇ ಬಂದು ಉದ್ಘಾಟಿಸಿ ಹೋದ ಲೈನದು. ಅದರಲ್ಲಿ ಬೈಕ್ ನುಗ್ಗಿಸಿದವನನ್ನು ತಡೆದರೆ, “ಲೈನ್ ಖಾಲಿ ಇತ್ತಲ್ಲರಿ” ಅನ್ನುತ್ತಾನೆ. ಖಾಲಿ ಇಡುವುದಕ್ಕೇ ಅಷ್ಟು ಕೋಟಿ ಸುರಿದದ್ದು ಅಂತ ಅವನಿಗೆ ತಿಳಿಸಿ ಹೇಳುವವರು ಯಾರು?

ಇದೇ ಧಾರವಾಡದಲ್ಲಿ 1890ರಲ್ಲಿ ವಿದ್ಯಾವರ್ಧಕ ಸಂಘ ಹುಟ್ಟಿತು. ಇದೇ ಧಾರವಾಡದ ಮಣ್ಣು ತುಳಿದ ಕಿಟೆಲ್ ಸಾಹೇಬರು 1894ರಲ್ಲಿ ಸುಮಾರು 70 ಸಾವಿರ ಶಬ್ದಗಳ ನಿಘಂಟು ಕೊಟ್ಟರು. ಗೆರಿ, ಗೀಟು, ಸಾಲು, ಪಾಳಿ, ತಂತಿ, ಹಳಿ, ಎಳೆ, ಗಡಿ, ಕಸುಬು, ಜಾಡು. ಒಂದೊಂದಕ್ಕೂ ಅದರದರ ಕೆಲಸವಿತ್ತು. ಹತ್ತೂ ಮಂದಿಯನ್ನು ಮನೆಗೆ ಕಳಿಸಿ ಒಬ್ಬನೇ ಗುತ್ತಿಗೆ ನೌಕರನನ್ನು ಇಟ್ಟುಕೊಂಡೆವು. ಈಗ ಅವನು ಯಾವ ಕೆಲಸದ ಮೇಲೆ ಬಂದಿದ್ದಾನೆ ಅನ್ನುವುದು ಅವನಿಗೂ ತಿಳಿಯುವುದಿಲ್ಲ.

ಗುಣವೂ ಉಂಟು ಅನ್ನಿ. ಒಂದೇ ಶಬ್ದ ಇದ್ದರೆ ಆಡಳಿತಕ್ಕೆ ಹಗುರ. 2023ರಲ್ಲಿ ಗೃಹಲಕ್ಷ್ಮಿಯ 2000 ರೂಪಾಯಿಗೆ ಹೆಸರು ಹಚ್ಚುವಾಗ ಊರೂರಿನ ಅಕ್ಕಂದಿರು ಕೇಂದ್ರಗಳ ಮುಂದೆ ನಿಂತದ್ದು ನೆನಪಿದೆಯಲ್ಲ? ಒಳಗೆ ಸರ್ವರ್ ಕುಂತಿತ್ತು, ಹೊರಗೆ ಜನ ನಿಂತಿದ್ದರು. ಅದೂ ಆನ್‌ಲೈನೇ. ಲೈನಿನ ಮೇಲೆ ಜನ ಇದ್ದರಲ್ಲ, ತಪ್ಪೇನು? ಹಿಂದೆ ಪಾಳಿ ಹಚ್ಚಿದರೆ ತುದಿಗೆ ಒಬ್ಬ ಗುಮಾಸ್ತ ಇರುತ್ತಿದ್ದ, ಬೈಯಬಹುದಿತ್ತು, ಚಹಾ ಕುಡಿಸಬಹುದಿತ್ತು. ಈಗ ತುದಿಗೆ ತಿರುಗುವ ಚಕ್ರ. ಅದು ಚಹಾನೂ ಕುಡಿಯುವುದಿಲ್ಲ.

ಹನ್ನೆರಡೂ ಕಾಲಿಗೆ ಕಿಟಕಿಯ ಹುಡುಗ, “ಲೈನ್ ಬಂತು, ಲೈನ್ ಹಚ್ಚರಿ!” ಅಂತ ಕೂಗಿದ. ಎಲ್ಲರೂ ಓಡಿ ಬಂದು ತಂತಮ್ಮ ಚಪ್ಪಲಿಯೊಳಗೆ ಇಳಿದರು. ಕಲ್ಲಿನವನು ಬರಲೇ ಇಲ್ಲ. ಆದರೂ ಯಾರೂ ಕಲ್ಲು ದಾಟಲಿಲ್ಲ.

ಅಜ್ಜಾರ ಸರದಿ ಬಂತು. ಹುಡುಗ ಸಣ್ಣ ಯಂತ್ರ ಮುಂದೆ ಸರಿಸಿದ. ಹೆಬ್ಬೆಟ್ಟು ಇಟ್ಟರು. ಕೆಂಪು ದೀಪ. ಒರೆಸಿ ಇಟ್ಟರು. ಕೆಂಪು. ಧೋತರದ ಚುಂಗಿನಿಂದ ತಿಕ್ಕಿ, ಬಾಯಿಂದ ಹಬೆ ಊದಿ, ಮತ್ತೆ ಇಟ್ಟರು. ಕೆಂಪು.

“ಬೆರಳಾಗ ಲೈನ್ ಬರವಲ್ಲವು, ಅಜ್ಜಾರ.”

“ಬೆರಳಾಗೂ ಲೈನ್ ಬರತೈತೇನೋ?”

“ಗೆರಿ, ಅಜ್ಜಾರ. ಸವದಾವ.” ಮುಂಜಾನೆಯಿಂದ ಲೈನಿಗೆ ಆ ಹುಡುಗನ ಬಾಯಿಂದ ಬಂದ ಮೊದಲ ಕನ್ನಡ ಶಬ್ದ ಅದು.

ಅಜ್ಜಾರು ಅಂಗೈ ಬಿಡಿಸಿ ನೋಡಿಕೊಂಡರು. ಮೇಣಿ ಹಿಡಿದು, ಮಿಣಿ ಜಗ್ಗಿ, ಜೋಳದ ಹೊಲದಾಗ ಅಕ್ಕಡಿ ಸಾಲು ಬಿಟ್ಟು ಬಿತ್ತಿ, ಕಳೆ ಕಿತ್ತು, ತೊಗಲು ಹಲಗೆಯ ಹಾಗೆ ನುಣ್ಣಗಾಗಿತ್ತು. “ಆಯುಷ್ಯದ ಗೆರಿ ಇನ್ನೂ ಐತಿ ನೋಡು. ಇದು ನಡಿಯೂದುಲ್ಲೇನು?”

“ಅದು ನಮ್ಮ ಸಾಫ್ಟ್‌ವೇರಿನ್ಯಾಗ ಇಲ್ಲರಿ.” ಹುಡುಗ ನಗಲಿಲ್ಲ. ಅವನಿಗೂ ಸಾಕಾಗಿತ್ತು. “ನಾಳಿಗಿ ಜಲ್ದಿ ಬರ್ರಿ. ಮುಂಜಾನೆ ಲೈನ್ ಚಲೋ ಇರತೈತಿ.”

ಅಜ್ಜಾರು ಚಪ್ಪಲಿ ಮೆಟ್ಟಿದರು. ಎರಡು ಹೆಜ್ಜೆ ಹೋದವರು ತಿರುಗಿ ಬಂದು, ಕಿಟಕಿಯೊಳಗೆ ಬಗ್ಗಿ ಕೇಳಿದರು:

“ಯಾವ ಲೈನೋ ತಮ್ಮಾ?”